ಸಾಂಬ್ರಾದಲ್ಲಿ ಅಡಿ ಮತ್ತು ಮೀಟರ್

ನಮ್ಮ ಊರಿನ ಪೂರ್ವಕ್ಕಿರುವ ಸಾಂಬ್ರಾ ವಿಮಾನ ನಿಲ್ದಾಣ ಎರಡನೆಯ ಮಹಾಯುದ್ಧದ ಕೂಸು. 1942ರಲ್ಲಿ ಬ್ರಿಟಿಷ್ ವಾಯುಪಡೆ ಅದನ್ನು ಕಟ್ಟಿತು. ಸಮುದ್ರ ಮಟ್ಟದಿಂದ ಅದರ ಎತ್ತರ ಸುಮಾರು 758 ಮೀಟರ್. ಆದರೆ ಇಳಿಯಲು ಬರುವ ಪೈಲಟ್ ನೋಡುವ ಲೆಕ್ಕ 2,487 ಅಡಿ. ಅದೇ ಪೈಲಟ್ ರನ್‌ವೇಯ ಉದ್ದವನ್ನು ಮೀಟರಿನಲ್ಲಿ ಓದುತ್ತಾನೆ!

ಸ್ವತಂತ್ರ ಭಾರತ 1956ರಲ್ಲಿ ಮೆಟ್ರಿಕ್ ಕಾಯ್ದೆ ಮಾಡಿತು. 1958ರ ಅಕ್ಟೋಬರಿನಿಂದ ಸೇರು, ತೊಲೆಗಳ ಜಾಗಕ್ಕೆ ಕಿಲೋ, ಗ್ರಾಂ ಬರತೊಡಗಿದವು. ಆಕಾಶಕ್ಕೆ ಮಾತ್ರ ಆ ಕಾಯ್ದೆ ಏರಲಿಲ್ಲ. ಬಹುತೇಕ ವಿಮಾನಗಳು ಅಮೆರಿಕ, ಬ್ರಿಟನ್‌ಗಳಲ್ಲಿ ತಯಾರಾಗಿ, ಅಡಿಯ ಮಾಪಕ ಹೊತ್ತೇ ಬರುತ್ತಿದ್ದವು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಮೀಟರನ್ನೇ ಮುಖ್ಯ ಮಾನವೆಂದು ಒಪ್ಪಿದೆ. ಅಡಿಗೆ ಕೊಟ್ಟದ್ದು ತಾತ್ಕಾಲಿಕ ಅನುಮತಿ, ಅದರ ಕೊನೆಯ ದಿನಾಂಕ ಮಾತ್ರ ಇನ್ನೂ ಗೊತ್ತಾಗಿಲ್ಲ. ನಾವೂ ಹೊಲವನ್ನು ಗುಂಟೆಯಲ್ಲಿ, ಮನೆಯ ಜಾಗವನ್ನು ಮೂವತ್ತು-ನಲವತ್ತು ಅಡಿಯಲ್ಲಿ ಹೇಳುವವರೇ, ಆದ್ದರಿಂದ ನಗುವಂತಿಲ್ಲ.

ಸೋವಿಯತ್ ಒಕ್ಕೂಟ ಮೀಟರನ್ನೇ ಹಿಡಿದಿತ್ತು. ಅಲ್ಲಿ ಎರಡು ವಿಮಾನಗಳ ನಡುವೆ 300 ಮೀಟರ್, ನಮ್ಮಲ್ಲಿ 1,000 ಅಡಿ ಅಂತರ. ಎರಡಕ್ಕೂ ವ್ಯತ್ಯಾಸ ಬರೀ 16 ಅಡಿ. ತೊಂದರೆ ಇರುವುದು ಆ 16 ಅಡಿಯಲ್ಲಲ್ಲ, ಒಂದು ರೂಢಿಯವರು ಇನ್ನೊಂದು ರೂಢಿಯ ಆಕಾಶಕ್ಕೆ ಬಂದಾಗ ತಲೆಯೊಳಗೆ ಮಾಡಬೇಕಾದ ಲೆಕ್ಕದಲ್ಲಿ.

1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ದೆಹಲಿಗೆ ಇಳಿಯುತ್ತಿದ್ದ ಕಝಾಕ್ ವಿಮಾನಕ್ಕೆ 15,000 ಅಡಿ, ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ ಎಂದು ಸೂಚನೆಯಿತ್ತು. ಕಝಾಕ್ ವಿಮಾನ ತನ್ನ ಮಟ್ಟ ಬಿಟ್ಟು ಕೆಳಗಿಳಿಯಿತು. ಎರಡರಲ್ಲಿದ್ದ 349 ಜನರೂ ಸತ್ತರು. ಆ ಸಿಬ್ಬಂದಿಯ ಇಂಗ್ಲಿಷ್ ಅಷ್ಟಕ್ಕಷ್ಟೇ, ಮೀಟರಿನ ರೂಢಿ ಬೇರೆ. ಎಲ್ಲ ತಪ್ಪನ್ನೂ ಮೀಟರಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೊಟ್ಟ ಮಟ್ಟವನ್ನು ಮೀರಿದ್ದೇ ಮೂಲ ಕಾರಣವೆಂದು ನ್ಯಾಯಮೂರ್ತಿ ಲಹೋಟಿ ಆಯೋಗವೂ ಕಂಡಿತು. ಆದರೂ ಈ ಪಾಠವನ್ನು ತರಗತಿಯಲ್ಲಿ ಹೇಳುವಾಗ ನಾನು ಮಕ್ಕಳಿಂದ 4,572 ಮೀಟರನ್ನು ಅಡಿಗೆ ಬದಲಿಸಿಸುತ್ತಿದ್ದೆ, ಕಾಗದ ಪೆನ್ಸಿಲ್ ಇಲ್ಲದೆ. ಉತ್ತರ ಬರುವಷ್ಟರಲ್ಲಿ ಎಷ್ಟು ಹೊತ್ತಾಯಿತೆಂದು ಅವರೇ ನೋಡಿಕೊಳ್ಳುತ್ತಿದ್ದರು.

ರಷ್ಯಾ 2011ರ ನವೆಂಬರಿನಲ್ಲಿ ಮೇಲಿನ ಆಕಾಶಕ್ಕೆ ಅಡಿಯನ್ನು ಒಪ್ಪಿತು. ಚೀನಾ ಇನ್ನೂ ಮೀಟರಿನಲ್ಲೇ ಇದೆ. ಅಲ್ಲಿ 10,400 ಮೀಟರ್ ಎಂಬ ಆದೇಶ ಕೇಳಿದ ಪೈಲಟ್, ಕೋಷ್ಟಕ ನೋಡಿ ತನ್ನ ಮಾಪಕವನ್ನು 34,100 ಅಡಿಗೆ ಇಡುತ್ತಾನೆ.