ಬಾಲಾಪರಾಧಿ ಮತ್ತು ಕಾನೂನು: ಧನಕವಡಿಯಿಂದ ಒಂದು ಹಿನ್ನೋಟ

ಪುಣೆಯ ದಕ್ಷಿಣಕ್ಕೆ, ಕಾತ್ರಜ ಘಟ್ಟದ ದಾರಿಯಲ್ಲಿರುವ ಧನಕವಡಿಯಲ್ಲಿ ನೆಲೆಸಿದ ನಮಗೆ ‘ಕೋಯ್ತಾ ಗ್ಯಾಂಗ್’ ಎಂಬ ಮಾತು ಈಗ ಹೊಸದಲ್ಲ. ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಅದನ್ನು ಬೀಸಿ ಬೀದಿಯ ವಾಹನಗಳ ಗಾಜು ಒಡೆಯುವವರಲ್ಲಿ ಮೀಸೆ ಚಿಗುರದ ಹುಡುಗರೂ ಇರುತ್ತಾರೆ. ಹಿಡಿದವರನ್ನು ಬಿಟ್ಟುಬಿಡುತ್ತಾರೆ, ಕಾನೂನೇ ಮೆತ್ತಗೆ ಎಂಬ ದೂರು ನೆರೆಹೊರೆಯಲ್ಲಿ ಕೇಳಿಬರುತ್ತದೆ.

ಕಾನೂನು ಮೊದಲಿನಿಂದಲೂ ಮೆತ್ತಗಿರಲಿಲ್ಲ. 1860ರ ದಂಡಸಂಹಿತೆ ಏಳು ವರ್ಷದೊಳಗಿನ ಮಗುವನ್ನಷ್ಟೇ ಪೂರ್ಣವಾಗಿ ಬಿಟ್ಟಿತು. ಏಳರಿಂದ ಹನ್ನೆರಡರವರೆಗಿನವರಿಗೆ ತಮ್ಮ ಕೃತ್ಯದ ತಿಳಿವು ಇತ್ತೇ ಎಂದು ನೋಡಬೇಕಿತ್ತು. 1864ರ ಕಾಯ್ದೆಯು ಎಳೆಯ ಅಪರಾಧಿಗಳಿಗೆ ಛಡಿಯೇಟಿನ ಶಿಕ್ಷೆಯನ್ನು ವಿಧಿಸಲು ಅವಕಾಶ ನೀಡಿತ್ತು. ಛಡಿಯೇಟು ರದ್ದಾದದ್ದು ಸ್ವಾತಂತ್ರ್ಯದ ನಂತರ, 1955ರಲ್ಲಿ. 1897ರ ಸುಧಾರಣಾ ಶಾಲೆಗಳ ಕಾಯ್ದೆ ಹದಿನೈದರೊಳಗಿನ ಹುಡುಗರನ್ನು ಜೈಲಿನ ಬದಲು ಶಾಲೆಗೆ ಕಳಿಸಬಹುದೆಂದಿತು. ಅಂಥದೊಂದು ಶಾಲೆ ನಮ್ಮ ಪುಣೆಯ ಯೆರವಡೆಯಲ್ಲಿಯೇ ಇತ್ತು.

ಮುಂದಿನ ಹೆಜ್ಜೆಯಲ್ಲಿ ಕನ್ನಡನಾಡಿನ ಹಲವು ಭಾಗಗಳು ಎರಡು ಪ್ರಾಂತ್ಯಗಳ ಕಾನೂನಿಗೆ ಹಂಚಿಹೋಗಿದ್ದವು. ಬಳ್ಳಾರಿ, ಮಂಗಳೂರು, ಕಾಸರಗೋಡುಗಳು ಮದರಾಸಿನ 1920ರ ಮಕ್ಕಳ ಕಾಯ್ದೆಯ ಪ್ರಾಂತ್ಯದಲ್ಲಿದ್ದರೆ, ಧಾರವಾಡ, ಬೆಳಗಾವಿ, ವಿಜಾಪುರಗಳು ಪುಣೆಯೊಡನೆ ಮುಂಬಯಿಯ 1924ರ ಕಾಯ್ದೆಯ ಪ್ರಾಂತ್ಯದಲ್ಲಿದ್ದವು. 1929ರಲ್ಲಿ ಮುಂಬಯಿ ಸರಕಾರ ಹದಿಹರೆಯದವರಿಗಾಗಿ ಬೋರ್ಸ್ಟಲ್ ಶಾಲೆಗಳ ಕಾಯ್ದೆ ಮಾಡಿತು. ಆ ಬಗೆಯ ಶಾಲೆ ಧಾರವಾಡದಲ್ಲಿತ್ತು. ಧಾರವಾಡವೆಂದರೆ ಪೇಢೆಯನ್ನೂ ಕವಿಗಳನ್ನೂ ನೆನೆಯುವ ನಾವು ಇದನ್ನು ನೆನೆಯುವುದು ಕಡಿಮೆ.

ಇಡೀ ದೇಶಕ್ಕೆ ಒಂದೇ ಕಾಯ್ದೆ ಬಂದದ್ದು 1986ರಲ್ಲಿ. ಆಗ ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು ವಯೋಮಿತಿ. 2000ದ ಕಾಯ್ದೆ ಇಬ್ಬರಿಗೂ ಹದಿನೆಂಟೆಂದಿತು. 2012ರ ದೆಹಲಿ ಪ್ರಕರಣದ ಆಕ್ರೋಶದ ಬಳಿಕ 2015ರ ಕಾಯ್ದೆ ರೂಪುಗೊಂಡಿತು: ಹದಿನಾರು ದಾಟಿದವನು ಘೋರ ಅಪರಾಧ ಮಾಡಿದ್ದರೆ, ಬಾಲನ್ಯಾಯ ಮಂಡಳಿ ಅವನ ಮಾನಸಿಕ ಸಾಮರ್ಥ್ಯವನ್ನು ತೂಗಿ, ವಯಸ್ಕನಂತೆ ವಿಚಾರಣೆಗೆ ಒಪ್ಪಿಸಬಹುದು.

ಇದರಾಚೆಗೆ ಹಳೆಯ ರಕ್ಷಣೆಗಳು ಉಳಿದಿವೆ. ಹುಡುಗನನ್ನು ಠಾಣೆಯ ಲಾಕಪ್ಪಿನಲ್ಲಿ ಇಡುವಂತಿಲ್ಲ, ಇಪ್ಪತ್ನಾಲ್ಕು ಗಂಟೆಯೊಳಗೆ ಮಂಡಳಿಯ ಮುಂದೆ ತರಬೇಕು, ಹೆಸರು ಪ್ರಕಟಿಸುವಂತಿಲ್ಲ. ಜಾಮೀನು ಕೊಡುವುದೇ ನಿಯಮ. ಬಿಟ್ಟರೆ ದುಷ್ಟರ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯ, ಇಲ್ಲವೇ ನ್ಯಾಯಕ್ಕೆ ಭಂಗ ಎಂದು ಕಂಡರೆ ಮಾತ್ರ ನಿರಾಕರಣೆ. ನಮ್ಮ ನೆರೆಯವರು ಪೊಲೀಸರ ಸಡಿಲತನವೆನ್ನುವುದು ಬಹುಪಾಲು ಈ ನಿಯಮವೇ.

2024ರ ಮೇ 19ರಂದು ಪುಣೆಯ ಕಲ್ಯಾಣಿನಗರದಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದನೆನ್ನಲಾದ ಪೋರ್ಶೆ ಕಾರು ಇಬ್ಬರು ಯುವ ಎಂಜಿನಿಯರುಗಳನ್ನು ಕೊಂದಿತು. ಅದೇ ದಿನ ಜಾಮೀನು ಸಿಕ್ಕಿತು. ಷರತ್ತುಗಳಲ್ಲೊಂದು ಮುನ್ನೂರು ಪದಗಳ ಪ್ರಬಂಧ. ದೇಶವೇ ಕೆರಳಿತು. ಮಂಡಳಿ ಅವನನ್ನು ವೀಕ್ಷಣಾಲಯಕ್ಕೆ ಕಳಿಸಿತು. ಆ ಬಂಧನ ಕಾನೂನುಬಾಹಿರವೆಂದು ಜೂನ್ 25ರಂದು ಮುಂಬಯಿ ಹೈಕೋರ್ಟ್ ಬಿಡುಗಡೆಗೆ ಆದೇಶಿಸಿತು. ನಮ್ಮ ಮಟ್ಟಿಗೆ ಪ್ರಬಂಧಕ್ಕಿಂತ ಗಂಭೀರವಾದದ್ದು, ಸಸೂನ್ ಆಸ್ಪತ್ರೆಯಲ್ಲಿ ಹುಡುಗನ ರಕ್ತದ ಮಾದರಿಯನ್ನೇ ಬದಲಿಸಲಾಯಿತೆಂಬ ಆರೋಪ. ಅದು ನಿಜವಾದರೆ, ಅದು ಹಿರಿಯರ ಅಪರಾಧ. ಬಾಲನ್ಯಾಯ ಕಾಯ್ದೆಯನ್ನು ಬಿಗಿಗೊಳಿಸಿದರೆ ಅದು ಸರಿಹೋಗುವಂಥದ್ದಲ್ಲ. ಡೇವಿಡ್ ಸಸೂನರ ಹೆಸರು ಆ ಆಸ್ಪತ್ರೆಗೂ ಮುಂಬಯಿಯ ಹಳೆಯ ಸುಧಾರಣಾ ಶಾಲೆಗೂ ಇರುವುದು ಕಾಕತಾಳೀಯ.

2025ರ ಜುಲೈಯಲ್ಲಿ ಅವನನ್ನು ವಯಸ್ಕನಂತೆ ವಿಚಾರಿಸಬೇಕೆಂಬ ಪೊಲೀಸರ ಕೋರಿಕೆಯನ್ನು ಮಂಡಳಿ ತಳ್ಳಿಹಾಕಿತು. ಕನಿಷ್ಠ ಏಳು ವರ್ಷದ ಶಿಕ್ಷೆ ನಿಗದಿಯಾಗಿರುವ ಅಪರಾಧ ಮಾತ್ರ ‘ಘೋರ’ವೆಂದು ಸುಪ್ರೀಂ ಕೋರ್ಟ್ 2020ರಲ್ಲಿಯೇ ಹೇಳಿತ್ತು. ಆ ಗೆರೆಯನ್ನು ಕಾರಿನ ಹುಡುಗನ ಮೇಲಿನ ಸಿಟ್ಟಿಗೆ ಅಳಿಸಿದರೆ, ಧನಕವಡಿಯ ಕೋಯ್ತಾ ಹುಡುಗನಿಗೂ ಅದು ಉಳಿಯುವುದಿಲ್ಲ. ದುಬಾರಿ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಅವನ ಮನೆಯವರಿಗಿರುವುದು ಅಪರೂಪ.