ಮುಖವಿಲ್ಲದ ಭಾವಚಿತ್ರಗಳು ಮತ್ತು ಒಂದು ಹಳೇ ಕೌದಿ

ಕಿರವತ್ತಿ ಕಡೆಯ ನಮ್ಮ ಮನೆಯ ಜಗಲಿ ಗೋಡೆಯ ಮೇಲೆ ಅಜ್ಜನ ಫೋಟೋ ಇದೆ. ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಕರಿ ಕೋಟು, ತಲೆಗೆ ಪೇಟ, ಪಕ್ಕದಲ್ಲಿ ಸ್ಟುಡಿಯೋದವರದ್ದೇ ಹೂದಾನಿ... ಅಜ್ಜಿಯ ಫೋಟೋ ಮಾತ್ರ ಇಲ್ಲ.

ಕಳೆದ ಸಲ ಊರಿಗೆ ಹೋದಾಗ, ಎಲ್ಲಾದರೂ ಒಂದು ಸಣ್ಣ ಚಿತ್ರ ಸಿಕ್ಕರೂ ಸಾಕು, ದೊಡ್ಡದು ಮಾಡಿಸೋಣ ಅಂತ ಆಯಿಯನ್ನು ಕೇಳಿದೆ. "ಫೋಟೋ ಎಲ್ಲಿದ್ದು ತಮಾ, ಅಜ್ಜಿ ಒಂದು ಸಲನೂ ತೆಗೆಸ್ಕಂಡಿದ್ದಿಲ್ಲೆ" ಅಂದವಳು ಒಳಗೆ ಹೋಗಿ ಒಂದು ಹಳೇ ಕೌದಿ ತಂದು ಹಾಸಿದಳು. ಆಮೇಲೆ ಒಂದೊಂದೇ ತುಂಡಿನ ಮೇಲೆ ಬೆರಳಿಡುತ್ತಾ ಹೋದಳು. ಇದು ಅಜ್ಜಿ ಶಿರಸಿ ಜಾತ್ರೆಗೆ ಉಡುತ್ತಿದ್ದ ಸೀರೆ. ಇದು ಕೊಟ್ಟಿಗೆಗೆ ಹೋಗುವಾಗಿನದ್ದು. ಇದು ಅಜ್ಜನ ಪಂಚೆ, ಇದು ನಿನ್ನ ಬಾಲವಾಡಿ ಅಂಗಿ. ಅರ್ಧ ಗಂಟೆಯಲ್ಲಿ ಅಜ್ಜಿ ನನ್ನೆದುರಿಗೆ ಕೂತ ಹಾಗಾಯಿತು. ಆ ಕೋಟಿನ ಫೋಟೋದಲ್ಲಿ ಅಜ್ಜ ಅಷ್ಟು ಸಿಗುವುದಿಲ್ಲ!

ಒಬ್ಬರ ಬಳಸಿದ ವಸ್ತುಗಳಿಂದಲೇ ಅವರ ಭಾವಚಿತ್ರ ಮಾಡಬಹುದಾ ಅನ್ನುವ ಯೋಚನೆ ತಲೆ ಹೊಕ್ಕಿದ್ದು ಆಗ. ಹುಡುಕಿದರೆ, ಇದನ್ನು ದೊಡ್ಡ ಕಲೆ ಅಂತಲೇ ಮಾಡಿದವರಿದ್ದಾರೆ. ಫ್ರಾನ್ಸಿನ ಅರ್ಮಾನ್ (1928-2005) ಅನ್ನುವ ಕಲಾವಿದ 1960ರಲ್ಲಿ ತನ್ನ ಗೆಳೆಯ ಈವ್ ಕ್ಲೈನ್ ಮತ್ತು ಪ್ಯಾರಿಸ್ಸಿನ ಗ್ಯಾಲರಿ ಒಡತಿ ಇರಿಸ್ ಕ್ಲರ್ಟ್ ಇಬ್ಬರ 'ಭಾವಚಿತ್ರ' ಮಾಡಿದ. ಬಣ್ಣ ಇಲ್ಲ, ಕುಂಚ ಇಲ್ಲ. ಅವರವರ ಸ್ವಂತ ಸಾಮಾನುಗಳನ್ನೇ ತಂದು ಪಾರದರ್ಶಕ ಪೆಟ್ಟಿಗೆಯೊಳಗೆ ತುಂಬಿಟ್ಟ. ಅದಕ್ಕಿಟ್ಟ ಹೆಸರು 'ಪೋರ್ತ್ರೆ-ರೋಬೋ'. ಸಾಕ್ಷಿಗಳ ಮಾತು ಜೋಡಿಸಿ ಪೊಲೀಸರು ಕಳ್ಳನ ಮುಖ ಬರೆಸುತ್ತಾರಲ್ಲ, ಫ್ರೆಂಚರು ಅದಕ್ಕೆ ಹೇಳುವ ಮಾತದು. ಮರುವರ್ಷ ಅದೇ ಇರಿಸ್ ಕ್ಲರ್ಟ್ ತನ್ನ ಭಾವಚಿತ್ರಗಳ ಪ್ರದರ್ಶನ ಇಟ್ಟಾಗ ಅಮೆರಿಕದ ರಾಬರ್ಟ್ ರೌಶನ್‌ಬರ್ಗ್ ಒಂದು ಟೆಲಿಗ್ರಾಮ್ ಕಳಿಸಿದನಂತೆ: ನಾನು ಹೌದು ಅಂದರೆ ಇದೇ ಇರಿಸ್ ಕ್ಲರ್ಟ್‌ಳ ಭಾವಚಿತ್ರ ಅಂತ. ನಮ್ಮ ಆಯಿ ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ ಅಲ್ಲವೇ?

ಆದರೆ ಮುಖವಿಲ್ಲದ ಚಿತ್ರ ನಮಗೇನು ಹೊಸದಲ್ಲ. ಮಲೆನಾಡಿನ ಹಾದಿಬದಿಯಲ್ಲಿ ಮಾಸ್ತಿಕಲ್ಲು ನೋಡಿರುತ್ತೀರಿ. ಹಲವು ಕಲ್ಲುಗಳಲ್ಲಿ ಕಂಬದಿಂದ ಹೊರಟ ಹಾಗೆ ಒಂದು ತೋಳು, ಮೊಣಕೈಯಲ್ಲಿ ಮಡಚಿ ಮೇಲೆತ್ತಿದ ಕೈ, ಕೈ ತುಂಬ ಬಳೆ. ಚಿತೆಯೇರಿದ ಹೆಣ್ಣಿನ ಗುರುತು ಅಷ್ಟೇ. ಬಳೆಯೇ ಆಕೆ. ಪಕ್ಕದ ವೀರಗಲ್ಲಿನಲ್ಲಿ ಗಂಡಸಿಗೆ ಕತ್ತಿ, ಕುದುರೆ, ಯುದ್ಧ, ಸ್ವರ್ಗ ಎಲ್ಲ ಇರುತ್ತದೆ. ಆಕೆಗೆ ಮುಖವೂ ಇಲ್ಲ. ನಮ್ಮ ಜಗಲಿಯ ಗೋಡೆ ನೆನಪಾಗಿ ಒಂಥರಾ ಆಯಿತು.

ಇನ್ನು ಕೌದಿಯ ವಿಷಯ. ಬಡಗಣ ಕರ್ನಾಟಕದಲ್ಲೆಲ್ಲ ಕೌದಿ ಇದೆ. ಮನೆಯವರು ಗಂಟು ಕಟ್ಟಿಟ್ಟ ಹಳೇ ಬಟ್ಟೆ ಕೊಟ್ಟು, ಕೂಲಿ ಕೊಟ್ಟು ಹೊಲಿಸಿಕೊಳ್ಳುವುದೂ ಇದೆ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ಗತ್ತೇ ಬೇರೆ. ಅವರು ಕವಂದಿ ಅಂತಲೂ ಅನ್ನುತ್ತಾರೆ. ಅಡಿಗೆ ಒಂದು ಸೀರೆ ಹಾಸಿಕೊಂಡು, ಮೂಲೆಯಿಂದ ಶುರುಮಾಡಿ, ಅಂಚಿನಗುಂಟ ತುಂಡು ಕೂರಿಸುತ್ತಾ, ಸುತ್ತು ಹಾಕುತ್ತಾ ನಡುವಿಗೆ ಬರುತ್ತಾರೆ. ಉದ್ದಕ್ಕೂ ಕೈಹೊಲಿಗೆ. ಮೊದಲೇ ಗೆರೆ ಹಾಕಿಕೊಂಡ ನಕ್ಷೆ ಇಲ್ಲ. ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಮುಕ್ಕೋನ ಇಡುತ್ತಾರೆ. ಅದಕ್ಕೆ ಫುಲ, ಅಂದರೆ ಹೂವು ಅಂತ ಹೆಸರು. ಫುಲ ಇಲ್ಲದ ಕವಂದಿ ಬತ್ತಲೆ ಅನ್ನುವುದು ಅವರ ಲೆಕ್ಕ. ಕ್ರೈಸ್ತ ಸಿದ್ದಿಗಳ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳದ್ದರಲ್ಲಿ ಅರ್ಧಚಂದ್ರ ಕಾಣುವುದುಂಟು.

ಈ ಸಿದ್ದಿಗಳ ಪೂರ್ವಜರು ಆಫ್ರಿಕದವರು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದ ಮೇಲೆ ಗುಲಾಮರನ್ನು ಹಡಗಿನಲ್ಲಿ ತಂದು ಮಾರಿದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಹಾಗೆ ಬಂದವರು ಗಂಟು ಕಟ್ಟಿಕೊಂಡು ಬರಲು ಏನಿತ್ತು? ಇಲ್ಲಿ ಸಿಕ್ಕ ಹರುಕು ಬಟ್ಟೆಯಲ್ಲೇ ಚಳಿಗೆ ಹೊದಿಕೆಯನ್ನೂ ನೆನಪಿಗೆ ಗುರುತನ್ನೂ ಹೊಲಿದುಕೊಂಡರು. ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ನಾಮಕರಣಗೊಂಡಿದ್ದು 2020ರಲ್ಲಿ.

ಕೌದಿಗಳು ಅದಕ್ಕೂ ಮೊದಲೇ ಸಮುದ್ರ ದಾಟಿದ್ದವು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇಲ್ಲಿಗೆ ಬಂದು ಅಧ್ಯಯನ ಮಾಡಿದರು. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘಕ್ಕೆ ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ನಾವು ಕಾಲೊರೆಸಿಕೊಳ್ಳಲು ಹಾಕುತ್ತಿದ್ದ ಕೌದಿ ಅಲ್ಲಿ ಗೋಡೆ ಏರಿತ್ತು!

ಖುಷಿಯೇ. ಆದರೆ ನನ್ನನ್ನು ಕೊರೆಯುತ್ತಿರುವುದು ಬೇರೆ. ನಮ್ಮ ಅಜ್ಜಿಯ ಕೌದಿ ಹೊಲಿದವಳೂ ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಸಿದ್ದಿ ಹೆಂಗಸು. ಅಂಗಳದ ತುದಿಯಲ್ಲಿ ಕೂತು, ಒಂದು ಮಳೆಗಾಲವಿಡೀ ಹೊಲಿದಳಂತೆ. ಕೊಟ್ಟಿದ್ದು ಎರಡು ಕೊಳಗ ಭತ್ತ. ಜಾತ್ರೆಯ ಸೀರೆಯನ್ನು ನಡುವಿಗೆ, ಅದರ ಮಗ್ಗುಲಿಗೇ ಕೊಟ್ಟಿಗೆಯ ಸೀರೆಯನ್ನು ಇಟ್ಟಿದ್ದಾಳೆ. ಅಜ್ಜಿಯನ್ನು ಅಷ್ಟು ಸರಿಯಾಗಿ ನೋಡಿದವರು ನಮ್ಮ ಮನೆಯಲ್ಲೇ ಯಾರೂ ಇರಲಿಲ್ಲವೇನೋ. ನಾಲ್ಕು ಮೂಲೆಗೂ ಫುಲ ಇಟ್ಟಿದ್ದಾಳೆ, ಬತ್ತಲೆ ಬಿಟ್ಟಿಲ್ಲ.

"ಅದರ ಹೆಸರು ಎಂತ ಆಯಿ?" ಅಂದೆ. ಆಯಿ ತುಂಬ ಹೊತ್ತು ಕೌದಿಯನ್ನೇ ನೋಡಿದಳು. ನೆನಪಾಗಲಿಲ್ಲ. ಎಲ್ಲರೂ 'ಸಿದ್ದಿ' ಅಂತಲೇ ಕರೆಯುತ್ತಿದ್ದರಂತೆ.

ಈಗ ಕೌದಿಯನ್ನು ಜಗಲಿಗೆ, ಅಜ್ಜನ ಪಕ್ಕಕ್ಕೆ ತೂಗುಹಾಕಿದ್ದೇವೆ. ಕೆಳಗೆ ಅಜ್ಜಿಯ ಹೆಸರು ಬರೆದಿದ್ದೇನೆ. ಅದರ ಕೆಳಗೆ ಇನ್ನೊಂದು ಹೆಸರಿಗೆ ಜಾಗ ಬಿಟ್ಟಿದ್ದೇನೆ. ಮುಂದಿನ ಸಲ ಹೋದಾಗ ಸಿದ್ದಿ ಕೇರಿಯಲ್ಲಿ ವಿಚಾರಿಸಬೇಕು.

ನಿಮ್ಮ ಮನೆಯಲ್ಲೂ ಅಟ್ಟದ ಮೇಲೆ ಒಂದು ಕೌದಿ ಇದ್ದೀತು. ಇಳಿಸಿ ನೋಡಿ. ಹೊಲಿದವರ ಹೆಸರು ಗೊತ್ತಿರುವವರು ಮನೆಯಲ್ಲಿ ಇನ್ನೂ ಇದ್ದರೆ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ನಾನು ತಡ ಮಾಡಿಬಿಟ್ಟೆ.