ಗಾಜಿನ ಗಾಯ, ಹಬ್ಬದ ಬೆಳಕು



ಫೆಬ್ರವರಿ 2ರಂದು, ಪ್ರಭುವಿನ ಸಮರ್ಪಣೆಯ ಹಬ್ಬದ ದಿನ, ನಾವೆಲ್ಲರೂ ಆಶೀರ್ವದಿಸಿದ ಮೇಣದ ಬತ್ತಿಗಳನ್ನು ಹಿಡಿದು ದೇವಾಲಯವನ್ನು ಪ್ರವೇಶಿಸುತ್ತೇವೆ. ಈಗ ಅನೇಕ ದೇವಾಲಯಗಳ ಹಾಗೂ ಪ್ರಾರ್ಥನಾ ಮಂದಿರಗಳ ಬಾಗಿಲಿಗೆ ಗಾಜು ಬಂದಿದೆ. ಅದರ ಮೇಲೆ ಪಾನಪಾತ್ರೆ, ಗೋಧಿಯ ತೆನೆ, ಪಾರಿವಾಳ ಮಂಜಿನಂತೆ ಬೆಳ್ಳಗೆ ಮೂಡಿರುತ್ತವೆ. ಬತ್ತಿಯ ಬೆಳಕು ಹತ್ತಿರವಾದಂತೆ ಆ ಚಿತ್ರಗಳೂ ಬೆಳಗುತ್ತವೆ. ಇದು ಬಣ್ಣವಲ್ಲ, ಗಾಜಿನ ಮೈಗೆ ಬೇಕೆಂದೇ ಮಾಡಿದ ಗಾಯ. ನಯವಾದ ಗಾಜಿನಲ್ಲಿ ಬೆಳಕು ನಿಲ್ಲದೆ ನೇರವಾಗಿ ದಾಟಿಹೋಗುತ್ತದೆ, ಒರಟಾದ ಜಾಗದಲ್ಲಿ ಚದುರಿ ನಮ್ಮ ಕಣ್ಣಿಗೆ ಕಾಣುತ್ತದೆ.

ಮೈ ಕೊರೆದು ಚಿತ್ರ ಬಿಡಿಸುವ ಕಲೆ ಕಲಬುರಗಿ ಸೀಮೆಯವರಾದ ನಮಗೆ ಹೊಸದೇನಲ್ಲ. ಕೆಂಪು ಬಾಳೆಗೆ ಹೆಸರಾದ ಕಮಲಾಪುರವನ್ನು ದಾಟಿ, ಹುಮನಾಬಾದ್ ಮಾರ್ಗವಾಗಿ ಮುಂದೆ ಹೋದರೆ ಬೀದರ್ ಸಿಗುತ್ತದೆ. ಅಲ್ಲಿನ ಬಿದರಿ ಕುಶಲಕರ್ಮಿಗಳು ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ದು, ಉಳಿಯಿಂದ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರವನ್ನು ಕಲಸಿ ಹಚ್ಚಿದರೆ ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಒಂದು ಭಾಗ ಬದಲಾಗಬೇಕು, ಇನ್ನೊಂದು ಭಾಗ ಹಾಗೆಯೇ ಉಳಿಯಬೇಕು. ಬಿದರಿಯ ಈ ಗುಟ್ಟೇ ಗಾಜಿನ ಕೆತ್ತನೆಯ ಗುಟ್ಟೂ ಹೌದು.

ಗಾಜನ್ನು ಹೀಗೆ ಕೊರೆಯಲು ಎರಡು ದಾರಿಗಳಿವೆ. ಮೊದಲನೆಯದು ಆಮ್ಲದ ದಾರಿ. 17ನೇ ಶತಮಾನದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದ ಶ್ವಾನ್‌ಹಾರ್ಟ್ ಮನೆತನದ ಗಾಜು ಕೆತ್ತನೆಗಾರರು, ಫ್ಲೋರ್‌ಸ್ಪಾರ್ ಎಂಬ ಖನಿಜಕ್ಕೆ ಆಮ್ಲ ಸೇರಿಸಿದರೆ ಹೊರಡುವ ವಸ್ತು ಗಾಜನ್ನೂ ತಿನ್ನುತ್ತದೆಂದು ಕಂಡುಕೊಂಡರೆಂದು ಹೇಳುತ್ತಾರೆ. 1771ರಲ್ಲಿ ಸ್ವೀಡನ್ನಿನ ವಿಜ್ಞಾನಿ ಶೀಲೆ ಆ ಆಮ್ಲವನ್ನು ಪರಿಶೀಲಿಸಿದರು. ಇಂದು ಅದನ್ನು ಹೈಡ್ರೋಫ್ಲೋರಿಕ್ ಆಮ್ಲ ಎನ್ನುತ್ತೇವೆ. ಗಾಜಿಗೆ ಮೇಣ ಬಳಿದು, ಚಿತ್ರದ ಜಾಗದಲ್ಲಿ ಮಾತ್ರ ಮೇಣ ಕೆರೆದು ತೆಗೆದು ಆಮ್ಲ ತಾಗಿಸಿದರೆ, ತೆರೆದ ಜಾಗವನ್ನಷ್ಟೇ ಅದು ತಿನ್ನುತ್ತದೆ. ನಾವು ಮೆರವಣಿಗೆಯಲ್ಲಿ ಹಿಡಿಯುವ ಮೇಣವೇ ಇಲ್ಲಿ ಗಾಜಿನ ಕಾವಲುಗಾರ!

ಎರಡನೆಯದು ಮರಳಿನ ದಾರಿ. ಅಮೆರಿಕದ ಫಿಲಡೆಲ್ಫಿಯಾದ ಬೆಂಜಮಿನ್ ಚ್ಯೂ ಟಿಲ್ಗ್‌ಮನ್ ಅಲ್ಲಿನ ಅಂತರ್ಯುದ್ಧದಲ್ಲಿ ಹೋರಾಡಿದವರು, 1863ರ ಚಾನ್ಸಲರ್ಸ್‌ವಿಲ್ ಕಾಳಗದಲ್ಲಿ ಗಾಯಗೊಂಡವರು. ಚೇತರಿಸಿಕೊಂಡ ಮೇಲೆ ಕಪ್ಪು ಜನಾಂಗದ ಸೈನಿಕರ ದಳವೊಂದರ ನಾಯಕರಾದರು. 1870ರಲ್ಲಿ ಅವರು, ವೇಗವಾಗಿ ಚಿಮ್ಮುವ ಮರಳಿನಿಂದ ಕಲ್ಲು, ಲೋಹ ಮತ್ತು ಗಾಜನ್ನು ಕೊರೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇಂದು ಅಂಟುಹಾಳೆಯನ್ನು ಗಾಜಿಗೆ ಅಂಟಿಸಿ, ಚಿತ್ರದ ಭಾಗವನ್ನು ಚಾಕುವಿನಿಂದ ಕತ್ತರಿಸಿ ತೆಗೆದು, ಒತ್ತಡದ ಗಾಳಿಯಲ್ಲಿ ಪುಡಿಯನ್ನು ಸಿಡಿಸುತ್ತಾರೆ. ಗಟ್ಟಿಯಾದ ಗಾಜು ಸವೆಯುತ್ತದೆ, ಮೆತ್ತನೆಯ ಹಾಳೆ ಪುಟಿಸಿ ಉಳಿಯುತ್ತದೆ. ಹಾಳೆ ಸುಲಿದರೆ ಚಿತ್ರ ಸಿದ್ಧ.

ಪ್ರಿಯರೇ, ಈ ಇತಿಹಾಸಕ್ಕೆ ಇನ್ನೊಂದು ಪುಟವಿದೆ. ಫ್ಲೋರಿನ್ ಅನಿಲವನ್ನು ಬೇರ್ಪಡಿಸಲು ಯತ್ನಿಸಿದ ಹಲವು ವಿಜ್ಞಾನಿಗಳು ನಂಜಿನಿಂದ ನರಳಿದರು, ಕೆಲವರು ಸತ್ತರು. ಕೊನೆಗೆ 1886ರಲ್ಲಿ ಫ್ರಾನ್ಸಿನ ಮೊವಾಸಾನ್ ಯಶಸ್ವಿಯಾದರು. ಆ ಆಮ್ಲ ಚರ್ಮಕ್ಕೆ ತಾಗಿದಾಗ ಕೆಲವೊಮ್ಮೆ ತಕ್ಷಣ ನೋವೇ ತಿಳಿಯದು. ಆದರೆ ಅದು ಒಳಗಿಳಿದು ಮೂಳೆಯನ್ನೂ ಮುಟ್ಟುತ್ತದೆ. ಮರಳಿನ ಕಥೆಯೂ ಹಗುರವಲ್ಲ. ಸಿಡಿದ ಮರಳು ಒಡೆದು ಕಣ್ಣಿಗೆ ಕಾಣದ ಧೂಳಾಗುತ್ತದೆ. ಉಸಿರಿನೊಡನೆ ಶ್ವಾಸಕೋಶ ಸೇರಿದ ಆ ಧೂಳು ಅಲ್ಲಿ ಗಾಯದ ಗಂಟುಗಳನ್ನು ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಮದ್ದಿಲ್ಲ, ತಡೆಯುವ ದಾರಿ ಮಾತ್ರ ಇದೆ. ಬ್ರಿಟನ್ 1949ರ ನಿಯಮಗಳಿಂದ ಈ ಕೆಲಸಕ್ಕೆ ಮರಳನ್ನು ನಿಷೇಧಿಸಿತು. ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸ್ ಅನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿಟ್ಟಿತ್ತು. ಆದರೆ ಅಂಗಡಿಯ ಹಿಂದಿನ ಬಯಲಲ್ಲಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ದಿನಗೂಲಿಗೆ ದುಡಿಯುವ ಹುಡುಗನ ಬಳಿಗೆ ಕಾಯ್ದೆ ತಾನಾಗಿ ನಡೆದು ಬರುವುದಿಲ್ಲ. ಆ ಕರವಸ್ತ್ರ ಅಷ್ಟು ಸಣ್ಣ ಧೂಳನ್ನು ತಡೆಯುವುದೂ ಇಲ್ಲ.

ಹಬ್ಬದ ಶುಭಸಂದೇಶವನ್ನು ನೆನೆಯೋಣ. ವೃದ್ಧ ಸಿಮೆಯೋನ ಬಾಲಯೇಸುವನ್ನು ತೋಳಲ್ಲಿ ಎತ್ತಿಕೊಂಡು, ಈ ಮಗು ಸಕಲ ಜನಾಂಗಗಳಿಗೆ ಬೆಳಕು ಎಂದು ಸಾರಿದ. ಅದೇ ಗಳಿಗೆಯಲ್ಲಿ ತಾಯಿ ಮರಿಯಳಿಗೆ, ಅಲಗೊಂದು ಆಕೆಯ ಹೃದಯವನ್ನು ತೂರಿಹೋಗುವುದೆಂದೂ ಹೇಳಿದ. ಬೆಳಕು ಮತ್ತು ಗಾಯ ಒಂದೇ ಬಾಯಿಂದ ಬಂದವು. ಆದರೆ ಪ್ರಭು ಯೇಸು ಆ ಗಾಯವನ್ನು ತಾನೇ ಹೊತ್ತ, ಬೇರೆಯವರ ಮೇಲೆ ಹೊರಿಸಲಿಲ್ಲ. ನಮ್ಮ ಪೂಜಾಪೀಠದ ಅಂದಕ್ಕೆ ಗಾಜು ಗಾಯಗೊಳ್ಳಲಿ, ಆದರೆ ಗಾಜು ಕೊರೆಯುವವನ ಎದೆ ಗಾಯಗೊಳ್ಳುವುದು ಬೇಡ.

ಧರ್ಮಕೇಂದ್ರಕ್ಕೋ ಮನೆಗೋ ಹೊಸ ಗಾಜಿನ ಬಾಗಿಲು ಮಾಡಿಸುವಾಗ ನಾವು ಚಿತ್ರ ಯಾವುದು, ದರ ಎಷ್ಟು, ದಾನಿಗಳ ಹೆಸರು ಎಲ್ಲಿ ಎಂದು ವಿಚಾರಿಸುತ್ತೇವೆ. ಇನ್ನು ಮೇಲೆ ಮತ್ತೆ ಕೆಲವು ಮಾತುಗಳನ್ನೂ ಕೇಳೋಣ. ಕೆಲಸ ನಡೆಯುವುದು ಧೂಳನ್ನು ಹೀರಿ ತೆಗೆಯುವ ಮುಚ್ಚಿದ ಪೆಟ್ಟಿಗೆಯಲ್ಲೋ, ಬಯಲಲ್ಲೋ? ಹೊಳೆಯ ಮರಳಿನ ಬದಲು ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು ಬಳಸುತ್ತಾರೆಯೇ? ಕೆಲಸಗಾರನಿಗೆ ಸರಿಯಾದ ಮುಖಗವಸು, ಆಮ್ಲವಾದರೆ ಕೈಗವಸು ಕೊಟ್ಟಿದ್ದಾರೆಯೇ? ಇದಕ್ಕೆ ಕೆಲವು ನೂರು ರೂಪಾಯಿ ಹೆಚ್ಚಾದರೆ ಅದನ್ನೂ ಕಾಣಿಕೆಯೆಂದೇ ಎಣಿಸೋಣ.

ಪ್ರಭುವನ್ನು ಸಮರ್ಪಿಸಿದ ದಿನ ಮರಿಯಳು ಮತ್ತು ಜೋಸೆಫರು ದೇವಾಲಯಕ್ಕೆ ತಂದದ್ದು ಬಡವರ ಕಾಣಿಕೆ, ಜೋಡಿ ಹಕ್ಕಿಗಳು. ಬಡವನ ಉಸಿರನ್ನು ಕಾಯುವ ಕಾಣಿಕೆಯೂ ದೇವರಿಗೆ ಮೆಚ್ಚಿಗೆಯಾಗದೆ ಇರದು.